ಗುಂಡಿನ ಮಾವನ ಸೀಸದ ಕಡ್ಡಿ

ಅವರು ನಕ್ಕರೆ ಹಲ್ಲಿಗಿಂತ ಮೊದಲು ಒಸಡು ಕಣ್ಣಿಗೆ ಬೀಳುತ್ತಿತ್ತು. ಒಂದೊಂದು ಹಲ್ಲಿನ ಬುಡಕ್ಕೂ ಅಂಟಿಕೊಂಡು ಒಂದು ನೀಲಿಗಪ್ಪು ಗೆರೆ, ಯಾರೋ ಕಾಡಿಗೆ ತೀಡಿದಂತೆ. ಅದು ಚೆಂದಕ್ಕೆ ಇರುವುದೆಂದೇ ನಮ್ಮ ಬೀದಿಯ ಮಕ್ಕಳೆಲ್ಲ ತಿಳಿದಿದ್ದೆವು. ಒಂದು ದಿನ ನಾನೂ ಕಾಡಿಗೆ ಡಬ್ಬಿಗೆ ಬೆರಳು ಅದ್ದಿ ಒಸಡಿಗೆ ತೀಡಿಕೊಂಡು ಅಮ್ಮನ ಕೈಯಲ್ಲಿ ಚೆನ್ನಾಗಿ ಏಟು ತಿಂದೆ. ಅಳುತ್ತಾ ಅವರ ಮನೆಗೆ ಹೋಗಿ, "ನಿಮ್ದು ಯಾಕ್ ಮಾವ ಅಂಗೈತೆ?" ಎಂದು ಕೇಳಿದ್ದಕ್ಕೆ ಅವರು ಆ ಗೆರೆಯೆಲ್ಲ ಕಾಣುವಂತೆ ನಕ್ಕು, "ಸಾಮಿ ನೇಯ್ದ ಬಾರ್ಡರು ಕಣಮ್ಮಣಿ. ಪಂಚೆಗೊಂದು ಬಾರ್ಡರ್ ಬ್ಯಾಡ್ವಾ?" ಎಂದಿದ್ದರು. ಆ ಬಾರ್ಡರಿನ ಅರ್ಥ ನಮಗೆ ತಿಳಿದದ್ದು ಎಷ್ಟೋ ವರ್ಷಗಳಾದ ಮೇಲೆ.

ಬೀದಿಗೆಲ್ಲ ಅವರು ಗುಂಡಿನ ಮಾವ. ಕರ್ನಾಟಕದ ಕಡೆಯವರು ಈ ಹೆಸರು ಕೇಳಿದರೆ ಮುಸಿಮುಸಿ ನಗುತ್ತಾರೆ, ಅಲ್ಲಿ ಗುಂಡು ಹಾಕುವುದೆಂದರೆ ಕುಡಿಯುವುದಂತೆ. ದಯವಿಟ್ಟು ನಗಬೇಡಿ. ಎಪ್ಪತ್ತು ವರ್ಷ ಬದುಕಿದ ಈ ಮನುಷ್ಯ ಒಂದು ಹನಿ ಹೆಂಡವನ್ನೂ ನಾಲಿಗೆಗೆ ಸೋಕಿಸಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಲೇಬೇಕಾಗಿದ್ದ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಸೇಲಂ ಪೇಟೆಯ ಅಂಚಿನಲ್ಲಿ ನಮ್ಮದು ನೇಕಾರರ ಬೀದಿ. ಹೊಸಿಲ ಒಳಗೆ ಕನ್ನಡ, ಹೊರಗೆ ತಮಿಳು. ಮನೆಗೊಂದು ಮಗ್ಗ, ಮಗ್ಗದ ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ. ಆ ಪೆಟ್ಟಿಗೆಯಿಂದ ನೂರಾರು ದಾರಗಳು ಕೆಳಗೆ ಇಳಿಯುತ್ತವೆ. ಬಾರ್ಡರಿನ ಹೂವು, ನವಿಲು ಎಲ್ಲ ಮೂಡುವುದು ಆ ದಾರಗಳು ಮೇಲೆದ್ದು ಇಳಿಯುವುದರಿಂದ. ಎದ್ದ ದಾರ ತಾನಾಗಿ ಇಳಿಯಬೇಕಾದರೆ ಅದರ ತುದಿಗೆ ಭಾರ ಬೇಕಲ್ಲ? ಆ ಭಾರವೇ ಗುಂಡು, ಕಿರುಬೆರಳಿನಷ್ಟೂ ಇಲ್ಲದ ಸೀಸದ ತುಂಡು. ಅದನ್ನು ಎರಕ ಹೊಯ್ದು ದಾರಕ್ಕೆ ಕೂರಿಸುವ ಕೆಲಸ ಮಾವನದು. ನಮ್ಮ ಬೀದಿಗಷ್ಟೇ ಅಲ್ಲ, ಓಮಲೂರು, ಕಡಯಂಪಟ್ಟಿ ಕಡೆಯ ಮಗ್ಗಗಳಿಗೂ ಅವರೇ ಬೇಕು. ಗುಂಡು ತುಂಬಿದ ಗೋಣಿಚೀಲವನ್ನು ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಹೊರಟರೆ ಗಾಡಿ ಏದುಸಿರು ಬಿಡುತ್ತಿತ್ತು.

ಹಿತ್ತಿಲಿನ ತಗಡಿನ ಚಾವಣಿಯ ಕೆಳಗೆ ಅವರ ಒಲೆ. ಗುಜರಿ ಅಂಗಡಿಯಿಂದ ತಂದ ಹಳೇ ಬ್ಯಾಟರಿಯ ಹಲಗೆಗಳನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಮೇಲಿನ ಕಪ್ಪು ಕೆನೆ ತೆಗೆದು, ಅಚ್ಚಿಗೆ ಹೊಯ್ಯುತ್ತಿದ್ದರು. ಆರಿದ ಮೇಲೆ ಒಂದೊಂದಕ್ಕೂ ಚಾಕುವಿನಿಂದ ಸೀಳು ಮಾಡಿ, ದಾರವನ್ನು ಸೀಳಿನೊಳಗೆ ಇಟ್ಟು, ಬಾಯಿಗೆ ಹಾಕಿ ಕಚಕ್ ಎಂದು ಕಚ್ಚಿ ಮುಚ್ಚುತ್ತಿದ್ದರು. ಬೇರೆಯವರು ಇಕ್ಕಳ ಬಳಸುತ್ತಿದ್ದರು. ಮಾವನಿಗೆ ಇಕ್ಕಳ ಕಂಡರಾಗದು. "ಇಕ್ಳಕ್ಕೇನ್ ಗೊತ್ತು? ದಾರಾನೇ ಕತ್ತರ್ಸಿ ಬಿಸಾಕ್ತದೆ. ಎಷ್ಟ್ ಅಮುಕ್ಬೇಕು ಅಂತ ಅಲ್ಲಿಗ್ ಗೊತ್ತು," ಎಂದು ತಮ್ಮ ಹಲ್ಲನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. ಕಚ್ಚುವುದು, ಉಗುಳುವುದು, ಮತ್ತೊಂದು. ಆ ಕೈಯಲ್ಲೇ ಎರಡು ಕಡಲೆಕಾಯಿ ಬಾಯಿಗೆ, ಮತ್ತೆ ಗುಂಡು. ಅವರು ಕಚ್ಚಿ ಕೂರಿಸಿದ ಗುಂಡು ಇಪ್ಪತ್ತು ವರ್ಷವಾದರೂ ಜಾರುತ್ತಿರಲಿಲ್ಲ. ನಮ್ಮ ಮನೆಯ ಮಗ್ಗದಲ್ಲಿ ಈಗಲೂ ಇವೆ.

ನನಗೆ ಕನ್ನಡ ಅಕ್ಷರ ಕಲಿಸಿದವರೂ ಅವರೇ. ಸ್ಕೂಲಿನಲ್ಲಿ ನಾವೆಲ್ಲ ಓದಿದ್ದು ತಮಿಳು. ಬೀದಿಯಲ್ಲಿ ಕನ್ನಡ ಓದಲು ಬರುತ್ತಿದ್ದುದು ಅವರೊಬ್ಬರಿಗೆ, ಚಿಕ್ಕಂದಿನಲ್ಲಿ ಕೊಳ್ಳೇಗಾಲದ ನೆಂಟರ ಮನೆಯಲ್ಲಿ ಎರಡು ವರ್ಷ ಇದ್ದರಂತೆ. ಆ ಕಡೆಯಿಂದ ಮದುವೆ ಪತ್ರಿಕೆ ಬಂದರೆ ಬೀದಿಯವರೆಲ್ಲ ಅವರ ಹತ್ತಿರ ಒಯ್ಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಇಣುಕುತ್ತಿದ್ದೆ. ಒಂದು ದಿನ ಅಚ್ಚಿನಲ್ಲಿ ಗುಂಡಿನ ಬದಲು ಉದ್ದನೆಯ ಕಡ್ಡಿಯೊಂದನ್ನು ಎರೆದು, ತುದಿ ಚೂಪು ಮಾಡಿ, ಬಟ್ಟೆ ಸುತ್ತಿ ನನ್ನ ಕೈಗಿಟ್ಟರು. ಕಾಗದದ ಮೇಲೆ ಎಳೆದರೆ ಬೂದು ಬಣ್ಣದ ಗೆರೆ ಮೂಡಿತು!

"ಇದು ಸೀಸದ ಕಡ್ಡಿ. ಪೆನ್ಸಿಲ್ ಬರಾಕೆ ಮುಂಚೆ ಇದ್ರಲ್ಲೇ ಬರೀತಿದ್ರು. ಬಾಯಿಗ್ ಮಾತ್ರ ಇಕ್ಬ್ಯಾಡ, ಏಳಿವ್ನಿ. ಕೊಳಕು."

"ನೀವು ಇಕ್ತೀರಲ್ಲ?"

"ನಾನ್ ಮುದ್ಕ ಕಣ್ಲೇ. ಬರಿ ಸುಮ್ನೆ."

ನನ್ನ ಅಕ್ಷರ ತಪ್ಪಿದರೆ ಬೈಯುತ್ತಿರಲಿಲ್ಲ. "ಒರ್ಸು, ತಿರ್ಗಾ ಬರಿ," ಅಷ್ಟೇ. ಅವರು ಕಲಿಸಿದ ಮೊದಲ ಪದಗಳಲ್ಲಿ ಒಂದು, ದೇವರಾಣೆ, ಸೀಸ. ಆ ಪದವನ್ನು ಅವರ ಕಡ್ಡಿಯಲ್ಲೇ ಹತ್ತು ಸಲ ಬರೆದವಳು ನಾನು.

ದೊಡ್ಡವಳಾದ ಮೇಲೆ ಬಸ್ ಸ್ಟಾಪಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟೆ. ಪಿಂಚಣಿ, ಪಟ್ಟಾ, ರೇಷನ್ ಕಾರ್ಡು, ಯಾವ ಅರ್ಜಿ ಬೇಕಾದರೂ ಬರೆದುಕೊಡುತ್ತಿದ್ದೆ. ಆಫೀಸು, ಆಸ್ಪತ್ರೆ ಎಂದರೆ ಬೀದಿಯವರು ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದರು. ನನ್ನ ತಮಿಳು ಚೆಂದ, ಕನ್ನಡದ ವಾಸನೆ ಇಲ್ಲ ಎಂದು ಎಲ್ಲರೂ ಹೊಗಳುವವರೇ. ನನಗೂ ಅದರ ಕೊಬ್ಬು ಸ್ವಲ್ಪ ಏರಿತ್ತು. ಹೊರಗೆ ಯಾರ ಎದುರಿಗಾದರೂ ಮಾವ ಕನ್ನಡದಲ್ಲಿ ಮಾತಾಡಿಸಿದರೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಅವರು ಅದನ್ನು ಗಮನಿಸಿಯೂ ಕನ್ನಡ ಬಿಡುತ್ತಿರಲಿಲ್ಲ.

ಕಣ್ಣಿನ ತೊಂದರೆ ಶುರುವಾದದ್ದು ಕೆಂಪಿನಿಂದ. ಅರಕ್ಕು ಬಣ್ಣದ ಕಡುಗೆಂಪು ಬಾರ್ಡರನ್ನು ನೋಡಿ ಮಾವ, "ಇದೇನ್ಲಾ, ಮಣ್ಣ್ ಬಣ್ಣದ್ ನೂಲ್ ಹಾಕಿದೀರಾ?" ಎಂದರು. ಎಲ್ಲರೂ ತಮಾಷೆ ಅಂದುಕೊಂಡರು. ಒಂದು ತಿಂಗಳಿಗೆ ಪತ್ರಿಕೆಯ ಸಾಲಿನ ನಡುವಿನ ಅಕ್ಷರಗಳು ಕಾಣುತ್ತಿಲ್ಲ ಎಂದರು. ಹೊಟ್ಟೆ ಹಿಂಡುವ ನೋವು ಮೊದಲಿನಿಂದಲೂ ಇತ್ತು, ಮಣಿಕಟ್ಟು ಜೋಲುಬಿದ್ದು ಸೌಟು ಎತ್ತಲು ಕಷ್ಟಪಡುತ್ತಿದ್ದರು, ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿದ್ದೆವು. ಆದರೆ ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ನಿಂತು, ತಲೆ ಓರೆ ಮಾಡಿ, "ಅಮ್ಮಣಿ, ನಿನ್ ಕಿವಿ ಓಲೆ ಕಾಣ್ತದೆ, ಮುಖ ಕಾಣಕಿಲ್ಲ," ಎಂದರು. ಅವರ ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳು, ಮೊರಪ್ಪೂರಿಗೆ ಕೊಟ್ಟಿತ್ತು. ಮರುದಿನವೇ ನಾನು ಅಂಗಡಿ ಮುಚ್ಚಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ತಪ್ಪು ಆಸ್ಪತ್ರೆಯದಲ್ಲ. ಜನ ಗಿಜಿಗುಟ್ಟುತ್ತಿದ್ದರು, ಡಾಕ್ಟರು ಹುಡುಗ, ನನಗಿಂತ ಚಿಕ್ಕವನು. ನನ್ನ ಮೊಬೈಲು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಅರ್ಜಿ ಬರೆಸಲು ಬಂದವರು ಅಂಗಡಿ ಮುಂದೆ ಕಾಯುತ್ತಿದ್ದರು. ಮಾವ ಗುಜರಿ ಅಂಗಡಿಯಲ್ಲಿ ತಮಿಳಿನಲ್ಲಿ ಜಗಳವಾಡುವವರು, ಬಿಳಿ ಕೋಟು ಕಂಡರೆ ಮಾತ್ರ ಅವರ ನಾಲಿಗೆ ಕಟ್ಟುತ್ತಿತ್ತು. "ನೀನೇ ಏಳು, ನಿನ್ ತಮಿಳು ಚೆಂದ," ಎಂದು ನನ್ನನ್ನು ಮುಂದೆ ಮಾಡಿದ್ದರು.

ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಏನೋ ಅನುಮಾನ ಬಂದವರಂತೆ, "ಏದಾಚ್ಚು ಪಳಕ್ಕಂ ಉಂಡಾ?" ಎಂದರು. ಏನಾದರೂ ಅಭ್ಯಾಸ ಇದೆಯಾ ಅಂತ. ಮಾವ ನನ್ನ ಕಿವಿಯ ಹತ್ತಿರ ಬಾಗಿ, "ಬಾಯಲ್ಲಿ ಸೀಸ ಇಕ್ಕೋತೀನಿ ಅಂತ ಏಳು," ಎಂದರು. ನೋಡಿ, ಅವರಿಗೇ ಗೊತ್ತಿತ್ತು. ಹೇಳಬೇಕಾದುದನ್ನು ಸರಿಯಾಗಿಯೇ ಹೇಳಿದ್ದರು. ನಾನು ಮೊಬೈಲು ಒತ್ತುತ್ತಾ, ಕನ್ನಡ ಪಿಸುಗುಟ್ಟಿದ್ದಕ್ಕೆ ನಾಚಿಕೊಂಡು, ಆ ಪದವನ್ನು ಹಾಗೇ ಎತ್ತಿ ತಮಿಳಿನೊಳಕ್ಕೆ ಇಟ್ಟೆ.

"ಸೀಸಾ, ಸಾರ್. ವಾಯ್‌ಲ ವೈಪ್ಪಾರು."

ತಮಿಳಿನಲ್ಲಿ ಸೀಸಕ್ಕೆ ಈಯಂ ಅನ್ನಬೇಕು. ಸೀಸಾ ಅಂದರೆ ಬಾಟ್ಲಿ, ನಮ್ಮ ಸೀಸೆ. ಬಾಟ್ಲಿ ಬಾಯಿಗಿಡುತ್ತಾರೆ ಎಂದು ಹೇಳಿದ್ದೆ ನಾನು.

"ದಿನಮುಮಾ?" ದಿನಾನಾ?

ಕನ್ನಡದಲ್ಲಿ ಕೇಳಿದೆ. "ದಿನಾ," ಎಂದರು ಮಾವ.

"ಎಷ್ಟು ವರ್ಷದಿಂದ?" ಡಾಕ್ಟರ ಮುಂದಿನ ಪ್ರಶ್ನೆ.

"ಮೂವತ್ತಾಯ್ತು."

ಡಾಕ್ಟರು ತಲೆ ಆಡಿಸಿ ಬರೆದುಕೊಂಡರು. ಕುಡಿತದಿಂದ ಕಣ್ಣಿನ ನರ ಸೊರಗಿದೆ, ಇಂದಿನಿಂದಲೇ ನಿಲ್ಲಿಸಬೇಕು ಎಂದು ಗದರಿ, ವಿಟಮಿನ್ ಸೂಜಿಯನ್ನೂ ಮಾತ್ರೆಯನ್ನೂ ಕೊಟ್ಟರು. ಹೊರಗೆ ಬಂದು ಮಾವ ಹೊಟ್ಟೆ ಹಿಡಿದು ನಕ್ಕರು. "ಎಲ್ರಿಗೂ ಅದೇ ಏಳ್ತಾರೇನೋ ಕಣಮ್ಮಣಿ! ಎಂಡದ್ ವಾಸ್ನೆ ಬಂದ್ರೆ ಬೀದಿ ಬದಲಾಯಿಸೋನು ನಾನು." ನಾನೂ ನಕ್ಕೆ. ಸಾಲದ್ದಕ್ಕೆ ಬೀದಿಯಲ್ಲೆಲ್ಲ ಹೇಳಿ ನಗಿಸಿದೆ. ಎಂಟು ತಿಂಗಳು ಮಾವ ಮಾತ್ರೆ ನುಂಗುತ್ತಾ, ಸೀಸ ನಿಲ್ಲಿಸು ಎಂದು ಯಾರೂ ಹೇಳದ ಕಾರಣ, ಹಿತ್ತಿಲಿನಲ್ಲಿ ಕೂತು ಗುಂಡು ಕಚ್ಚುತ್ತಲೇ ಇದ್ದರು. ಕಣ್ಣು ಕಾಣದಿದ್ದರೂ ಆ ಕೆಲಸ ಹಲ್ಲಿಗೆ ಬರುತ್ತಿತ್ತಲ್ಲ.

ಒಂದು ದಿನ ಹೊಟ್ಟೆನೋವು ಬಂದು ಒಲೆಯ ಮುಂದೆಯೇ ಕುಸಿದರು. ಆಟೋ ಹಿಡಿದು ಬೇರೆ ಆಸ್ಪತ್ರೆಗೆ ಒಯ್ದೆವು, ಮೊರಪ್ಪೂರಿನಿಂದ ಮಗಳೂ ಓಡಿಬಂದಳು. ಅಲ್ಲಿದ್ದವರು ನಡುವಯಸ್ಸಿನ ಡಾಕ್ಟರಮ್ಮ. ಹೊಟ್ಟೆ ಒತ್ತಿ ನೋಡಿ, ಕೈ ಚಾಚಿಸಿ ನೋಡಿ, ಕೊನೆಗೆ "ವಾಯ್ ತೆರಂಗ" ಎಂದು ಬಾಯಿ ತೆರೆಸಿದರು. ತೆರೆಸಿದವರು ಹಾಗೇ ನಿಂತುಬಿಟ್ಟರು. ಟಾರ್ಚು ಹಾಕಿ ಆ ಬಾರ್ಡರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ನನ್ನ ಕಡೆ ತಿರುಗಿ ಕೇಳಿದರು: "ಈಯ ವೇಲೆಯಾ?" ಸೀಸದ ಕೆಲಸವಾ ಅಂತ.

ಈಯಂ. ಆ ಪದ ಕಿವಿಗೆ ಬಿದ್ದ ಕೂಡಲೇ ನನಗೆ ಆ ಹಳೆಯ ದಿನದ ಮಾತೆಲ್ಲ ಒಂದೊಂದಾಗಿ ತಿರುಗಿ ಬಂತು.

ಡಾಕ್ಟರಮ್ಮ ಹಳೇ ಚೀಟಿ ಓದಿ ಕೆಂಡವಾದರು. ದಿನಾ ಕುಡಿತ ಎಂದು ಇದೆಯಲ್ಲ, ಯಾರು ಹೇಳಿದ್ದು? ಇದನ್ನು ನಂಬಿ ಎಂಟು ತಿಂಗಳು ಹಾಳಾಯಿತಲ್ಲ? "ನಾನು" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿಂದ ಮಾವ ತಮಿಳಿನಲ್ಲಿ, ಅದೂ ಕೋಟಿನ ಎದುರು, ಒಂದಿಷ್ಟೂ ತಡವರಿಸದೆ ಹೇಳಿದರು:

"ನಾನ್‌ ದಾಮ್ಮಾ ಸೊನ್ನೇನ್. ಅಪ್ಪ ಕುಡಿಚ್ಚಿಟ್ಟಿರುಂದೇನ್." ನಾನೇ ಹೇಳಿದ್ದಮ್ಮ, ಆಗ ಕುಡೀತಿದ್ದೆ.

ಮಗಳು ತಂದೆಯ ಮುಖವನ್ನೇ ನೋಡಿದಳು. ಅವಳಿಗೆ ನಂಬಿಕೆಯಾಗಲಿಲ್ಲ, ಆಮೇಲೆ ನಂಬಿದಳು. ತಾನು ಮದುವೆಯಾಗಿ ಹೋದ ಮೇಲೆ ಒಂಟಿಯಾಗಿ ಅಪ್ಪ ಕುಡಿತಕ್ಕೆ ಬಿದ್ದರೆಂದು ಲೆಕ್ಕ ಹಾಕಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ನಾನು ಪಕ್ಕದಲ್ಲೇ ಇದ್ದೆ. ತುಟಿ ಬಿಚ್ಚಲಿಲ್ಲ. ಹೇಡಿ, ಇನ್ನೇನು ಹೇಳಲಿ.

ರಕ್ತ ಪರೀಕ್ಷೆಯಲ್ಲಿ ಸೀಸ ಇರಬಾರದಷ್ಟು ಇತ್ತು. ಅದನ್ನು ಮೈಯಿಂದ ಎಳೆದು ತೆಗೆಯುವ ಮದ್ದು ಶುರುವಾಯಿತು. ಐದು ದಿನ ಡ್ರಿಪ್ಪು, ಆಮೇಲೆ ಬಿಡುವು, ಮತ್ತೆ ಐದು ದಿನ. ಈ ಮದ್ದು ನಂಡಿನ ಕೊಂಡಿಯ ಹಾಗೆ, ರಕ್ತದಲ್ಲಿ ಸೀಸ ಎಲ್ಲಿದ್ದರೂ ಗಬಕ್ಕನೆ ಹಿಡಿದು ಮೂತ್ರದಲ್ಲಿ ಹೊರಗೆ ಹಾಕುತ್ತದೆ ಎಂದು ಡಾಕ್ಟರಮ್ಮ ಬೆರಳು ಮಡಿಸಿ ತೋರಿಸಿದರು. ನಂಡು ಅಂದರೆ ಏಡಿ. ಅವತ್ತಿನಿಂದ ಮಾವನ ಬಾಯಲ್ಲಿ ಅದು ಏಡಿ ಮದ್ದು. ಮೂತ್ರದ ಕ್ಯಾನು ಒಯ್ಯಲು ನರ್ಸಮ್ಮ ಬಂದರೆ, "ಇವತ್ತ್ ಏಡಿ ಎಷ್ಟ್ ಗುಂಡ್ ಇಡ್ಕೊಂಡ್ ಓಯ್ತಂತೆ, ಕೇಳು," ಎಂದು ನನ್ನನ್ನು ತಿವಿಯುತ್ತಿದ್ದರು. ಆಮೇಲೆ ಮನೆಗೆ ಕ್ಯಾಪ್ಸೂಲು ಕೊಟ್ಟರು, ಡಬ್ಬಿ ತೆರೆದರೆ ಕೊಳೆತ ಮೊಟ್ಟೆಯ ನಾತ. "ಏಡಿ ಸತ್ತ್ ಓಗೈತೆ," ಎಂದು ಮೂಗು ಮುಚ್ಚಿ ನುಂಗುತ್ತಿದ್ದರು.

ನಮಗೆಲ್ಲ ಇದ್ದದ್ದು ಒಂದೇ ಪ್ರಶ್ನೆ: ಕಣ್ಣು ಬರುತ್ತದಾ? ಹೊಟ್ಟೆನೋವು ಹೋಯಿತು. ಮಣಿಕಟ್ಟು ನೆಟ್ಟಗಾಯಿತು. ತಿಂಗಳುಗಳು ಕಳೆದಂತೆ ಒಸಡಿನ ಬಾರ್ಡರೂ ಮಾಸಿತು. ಒಂದು ಬೆಳಿಗ್ಗೆ, "ಕಿಟಕಿ ಕಂಬಿ ಎಣಿಸ್ಬೋದು ಕಣ್ಲೇ!" ಎಂದಾಗ ನಾನು ಕುಣಿದಾಡಿಬಿಟ್ಟೆ. ಆದರೆ ಅದು ಓರೆಗಣ್ಣಿಗೆ ಕಂಡ ಕಂಬಿ. ನಡುವಿನ ಮಬ್ಬು ಹಾಗೇ ಉಳಿಯಿತು. ಕೊನೆಗೆ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಮದ್ದು ಸೀಸವನ್ನು ತೆಗೆಯಬಲ್ಲದು, ಒಣಗಿಹೋದ ನರವನ್ನು ಚಿಗುರಿಸಲಾರದು, ಆರಂಭದಲ್ಲೇ ಬಂದಿದ್ದರೆ ಉಳಿಸಿಕೊಳ್ಳಬಹುದಿತ್ತೇನೋ ಎಂದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಅವರಿಗೆ ಓದಿ ಹೇಳುವುದು ನನ್ನ ಪಾಲಿನ ಕೆಲಸವಾಯಿತು. ಕೊಳ್ಳೇಗಾಲದಿಂದ ಬಂದ ಹಳೇ ಕಾಗದಗಳು, ಮದುವೆ ಪತ್ರಿಕೆಗಳು, ಪೊಟ್ಟಣ ಕಟ್ಟಿದ ಕನ್ನಡ ಪೇಪರು, ಸಿಕ್ಕಿದ್ದೆಲ್ಲ. ನಾನು ತಡವರಿಸಿದರೆ ಕಣ್ಣಿಲ್ಲದ ಅವರು ಕಿವಿಯಿಂದಲೇ ತಿದ್ದುತ್ತಿದ್ದರು. ಒಂದು ಭಾನುವಾರ ಓದು ನಿಲ್ಲಿಸಿ ಹೇಳಿಯೇಬಿಟ್ಟೆ.

"ಮಾವ, ಅವತ್ತು ಡಾಕ್ಟ್ರ ಅತ್ರ ನಾನು..."

"ಗೊತ್ತೈತೆ. ಓದು."

"ಯಾಕ್ ಮಾವ ಅಂಗ್ ಸುಳ್ ಏಳುದ್ರಿ? ಮಗಳ ಎದ್ರುಗೆ?"

"ಬೀದಿಯೋರೆಲ್ಲ ಆಸ್ಪತ್ರೆಗೆ, ಆಪೀಸಿಗೆ ನಿನ್ ಬಾಯ್ ನಂಬ್ಕೊಂಡ್ ಓಯ್ತಾರೆ. ನಾಳೆಯಿಂದ ನಂಬ್ದೆ ಇದ್ರೆ ಅವರ್ ಗತಿ ಏನ್ಲೇ? ನಂದ್ ಇನ್ ಏನೈತೆ, ಮುಗೀತು."

"ಅಕ್ಕನಿಗೆ ನಾನ್ ನಿಜ ಏಳ್ಬುಡ್ತೀನಿ."

"ನಾನ್ ಇರೋಗಂಟ ಬ್ಯಾಡ. ಅವಳ್ ಬಾಯಿ ನಿಂಗ್ ಗೊತ್ತಿಲ್ಲ." ಕೈ ಚಾಚಿ ನನ್ನ ತಲೆ ಹುಡುಕಿ ಮುಟ್ಟಿದರು. "ಅಳ್ಬ್ಯಾಡ, ಕಾಗ್ದ ನೆನೀತದೆ."

ಸೀಸ ಅಷ್ಟರಲ್ಲಿ ಮೂತ್ರಪಿಂಡಗಳನ್ನೂ ತಿಂದಿತ್ತು. ಎರಡು ವರ್ಷ ಎಳೆದಾಡಿದರು. ಕೊನೆಯ ವಾರ ಮಗಳು ಅವರನ್ನು ಮೊರಪ್ಪೂರಿಗೆ ಕರೆದುಕೊಂಡು ಹೋದಳು. ನಾನು ನೋಡಲು ಹೋದಾಗ ಮುಖ ಊದಿತ್ತು, ಮಾತು ಕಡಿಮೆಯಾಗಿತ್ತು. ನನ್ನ ಧ್ವನಿ ಕೇಳಿ ನಕ್ಕರು. ಒಸಡು ಮಗುವಿನದರಂತೆ ಬರೀ ಕೆಂಪಾಗಿತ್ತು, ಬಾರ್ಡರಿಲ್ಲದ ಆ ನಗು ನನಗೆ ಗುರುತೇ ಸಿಗಲಿಲ್ಲ. ಎರಡು ದಿನಕ್ಕೆ ಹೋಗಿಬಿಟ್ಟರು.

ಮಣ್ಣು ಮಾಡಿದ ದಿನ ನಾನು ಹೇಳಲಿಲ್ಲ. ಹನ್ನೊಂದನೆಯ ದಿನವೂ ಹೇಳಲಿಲ್ಲ. ಅವರು ಹಾಕಿದ್ದ ಗಡುವು ಮುಗಿದಿತ್ತು, ನನ್ನ ಹೇಡಿತನ ಮುಗಿದಿರಲಿಲ್ಲ.

ವರ್ಷದ ಎಡೆಗೆ ಸೇಲಂನಿಂದ ರೈಲು ಹತ್ತಿ ಹೋದೆ. ಬ್ಯಾಗಿನಲ್ಲಿ ಅವರು ಎರೆದುಕೊಟ್ಟ ಸೀಸದ ಕಡ್ಡಿ ಇತ್ತು, ಎಡೆಯ ಮುಂದೆ ಇಡೋಣವೆಂದು ತಂದಿದ್ದೆ. ಮೊರಪ್ಪೂರಿನ ಆ ಮನೆಯ ನಡುಮನೆಯಲ್ಲಿ ಹಾರ ಹಾಕಿದ ಫೋಟೋ, ಮುಂದೆ ಬಾಳೆ ಎಲೆ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿಟ್ಟಿದ್ದರು. ಬೇಯಿಸಿದ ಕಡಲೆಕಾಯಿ, ವಡೆ, ಮೊಸರನ್ನ. ಎಲೆಯ ಬಲಕ್ಕೆ, ಮುಚ್ಚಳ ತೆಗೆದು, ಒಂದು ಬ್ರಾಂದಿ ಸೀಸೆ.

ಸತ್ತವರಿಗೆ ಆಸೆಯಿದ್ದುದನ್ನು ಎಡೆಯಲ್ಲಿ ಇಡುವುದು ನಮ್ಮಲ್ಲಿ ಪದ್ಧತಿ. ಪಾಪ, ಅಳಿಯ ಗೌರವದಿಂದಲೇ ಇಟ್ಟಿದ್ದ. "ಕೊನೆಗಾಲ್ದಲ್ಲಿ ಎಲ್ರೂ ಬೈದು ಬಿಡ್ಸುದ್ವಿ. ಇವತ್ತಾದ್ರೂ ಕುಡೀಲಿ ಅಪ್ಪ," ಎಂದು ಮಗಳು ನನಗೆ ಹೇಳಿ ಕಣ್ಣೊರೆಸಿಕೊಂಡಳು. ನೆಂಟರೆಲ್ಲ ಕೈಮುಗಿದು ನಿಂತಿದ್ದರು. ಕರ್ಪೂರ ಹಚ್ಚುವುದಷ್ಟೇ ಬಾಕಿ.

ಹೋಗಿ ಆ ಸೀಸೆಯನ್ನು ಎತ್ತಿಕೊಂಡೆ. ಅಳಿಯ "ಏಯ್" ಎಂದ. ಎತ್ತಿದ ರಭಸಕ್ಕೆ ಸೀರೆಯ ಮೇಲೆಲ್ಲ ಚೆಲ್ಲಿತು, ವಾಸನೆ ಗಪ್ಪೆಂದು ಬಡಿಯಿತು. ಅಕ್ಕಾ, ಅವರು ಕುಡಿದವರಲ್ಲ ಎಂದೆ. ಅವರು ಸೀಸ ಅಂದರು, ನಾನು ಸೀಸಾ ಅಂದೆ ಎಂದೆ. ಮೊಬೈಲು, ಡಾಕ್ಟರು, ಎಂಟು ತಿಂಗಳು, ಮಂಚದ ಮೇಲಿನ ಸುಳ್ಳು, ಎಲ್ಲವನ್ನೂ ನಿಂತಲ್ಲೇ, ಅವಳಿಗೂ ನೆಂಟರಿಗೂ ತಿಳಿಯುವಂತೆ ತಮಿಳಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದೆ. ಅರ್ಜಿ ಬರೆಯುವ ನನ್ನ ಚೆಂದದ ತಮಿಳು ಅವತ್ತು ತೊದಲಿತು.

ಮಗಳು ನನ್ನೆದುರಿಗೆ ಬಂದು ನಿಂತಳು.

"ಮೂರ್ ವರ್ಸ ನಮ್ಮಪ್ಪನ್ನ ಕುಡುಕ ಅಂತ ನಾನೇ ಏಳ್ಕೊಂಡ್ ತಿರುಗ್ದೆ," ಎಂದಳು. "ಎಲ್ಲೋಗಿತ್ತು ನಿನ್ ಬಾಯಿ?"

ಅವಳು ನನ್ನ ಕೈಯಿಂದ ಸೀಸೆ ಕಿತ್ತುಕೊಂಡು ಬಚ್ಚಲಿಗೆ ಸುರಿದಳು. ಎಲೆಯ ಬಲಕ್ಕಿದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಮತ್ತೆ ಒರೆಸಿದಳು. ಒಳಗೆ ಹೋಗಿ ಸುಕ್ಕು ಕಾಪಿ, ಅಂದರೆ ಒಣಶುಂಠಿ ಕಾಫಿ, ಕಾಸಿ ತಂದು ಲೋಟ ಇಟ್ಟಳು. ಸೀಸದ ಕಡ್ಡಿ ನನ್ನ ಬ್ಯಾಗಿನಲ್ಲೇ ಉಳಿಯಿತು, ಉಣ್ಣುವ ಎಲೆಯ ಪಕ್ಕ ಅದನ್ನು ಇಡಲು ಮನಸ್ಸು ಬರಲಿಲ್ಲ. ಕರ್ಪೂರ ಹಚ್ಚಿದರು. ನನ್ನನ್ನು ಊಟಕ್ಕೆ ಯಾರೂ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ.

ಜಗುಲಿಯ ಕೆಳಗೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ತಡವಾಗಿ ಬಂದ ಯಾರೋ ನೆಂಟರು ಒಳಗೆ ಏನೋ ಕೇಳಿದರು. ಮಗಳ ದನಿ ಹೊರಗಿನವರೆಗೂ ಕೇಳಿಸಿತು: "ಎಂಗಪ್ಪಾ ಕುಡಿಕ್ಕವೇ ಮಾಟ್ಟಾರು. ಅದು ಈಯಂ." ನಮ್ಮಪ್ಪ ಕುಡೀತಾನೇ ಇರಲಿಲ್ಲ, ಅದು ಸೀಸ. ಅವಳು ಹೇಳಿದ್ದು ತಮಿಳಿನಲ್ಲಿ. ಪದ ಸರಿಯಾಗಿತ್ತು.